ಡಿಲ್ವಿನಿಯಾ ಹುಡುಕಿಕೊಂಡು ಐದು ದಿನ

ಸೆಪ್ಟೆಂಬರ್ ಎರಡನೇ ವಾರ ಬಂತೆಂದರೆ ಸಿಡ್ನಿ ಸುತ್ತಲಿನ ಮರಳುಗಲ್ಲಿನ ಗುಡ್ಡಗಳಲ್ಲಿ ಯಾವ ಕಾಲುದಾರಿ ಹಿಡಿದರೂ ಎರಡೂ ಬದಿಗೆ ಹಳದಿ-ಕೆಂಪು ಹೂ. ಅಲ್ಲಿನವರನ್ನು ಕೇಳಿದರೆ ಎಲ್ಲಕ್ಕೂ ಒಂದೇ ಹೆಸರು: ಎಗ್ಸ್ ಅಂಡ್ ಬೇಕನ್. ಮೊಟ್ಟೆಯ ಹಳದಿ, ಮಾಂಸದ ಕೆಂಪು, ಅಷ್ಟೇ ಅದರರ್ಥ. ತೊಗರಿ ಹೊಲ ಕಂಡವರಿಗೆ ಈ ಬಣ್ಣ ಹೊಸದಲ್ಲ. ತೊಗರಿ ಹೂವಿನ ಬೆನ್ನಿಗೂ ಇದೇ ಕೆಂಪು ಗೀರು. ತೊಡಕು ಏನೆಂದರೆ ಆ ಒಂದು ಅಡ್ಡಹೆಸರಿನಡಿ ಹಲವು ಕುಲಗಳು, ಹತ್ತಾರು ಪ್ರಭೇದಗಳು ಸೇರಿಕೊಂಡಿವೆ. ಹೂವಿನ ಫೋಟೋ ಒಂದನ್ನೇ ಇಟ್ಟುಕೊಂಡು ಹೆಸರು ಹೇಳಲು ಹೋದರೆ ತಪ್ಪುವುದೇ ಹೆಚ್ಚು.

ಈ ಓಡಾಟ ಡಿಲ್ವಿನಿಯಾ ರಿಟಾರ್ಟಾ ಎಂಬ ಒಂದು ಪೊದೆಗಿಡದ ಹಿಂದೆ. ಅದರ ನೆಂಟರಿಂದ ಅದನ್ನು ಬೇರ್ಪಡಿಸುವುದು ಹೇಗೆ, ಅದು ಎಲ್ಲಿ ಬೆಳೆಯುತ್ತದೆ, ಎಲ್ಲಿ ಬೇರೆಯವರಿಗೆ ಜಾಗ ಬಿಟ್ಟುಕೊಡುತ್ತದೆ ಎಂದು ನೋಡುವುದಷ್ಟೇ ಕೆಲಸ. ಚೀಲಕ್ಕೆ ಬೇಕಾದದ್ದು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್, 15 ಸೆಂ.ಮೀ. ಉದ್ದದ ಸ್ಟೀಲ್ ಸ್ಕೇಲು, ಹೂವಿನ ಹಿಂದೆ ಹಿಡಿಯಲು ಒಂದು ಬಿಳಿ ರಟ್ಟು, ತಲಾ 2 ಲೀಟರ್ ನೀರು, ಉದ್ದ ಪ್ಯಾಂಟು. ಇವುಗಳ ಜೊತೆ ಒಂದು ಗಟ್ಟಿ ಬ್ರಷ್ಷು, ಒಂದು ಬಾಟಲಿ ಮೆಥಿಲೇಟೆಡ್ ಸ್ಪಿರಿಟ್ ಮರೆಯಬಾರದು. ಬೂಟಿನ ಅಡಿಗೆ ಅಂಟಿದ ಮಣ್ಣಿನಲ್ಲಿ ಫೈಟಾಫ್ತೊರಾ ಸಿನಮೊಮಿ ಎಂಬ ರೋಗಾಣು ಊರಿಂದೂರಿಗೆ ಹೋಗುತ್ತದೆ. ಅಡಿಕೆ ತೋಟದ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಫೈಟಾಫ್ತೊರಾ ಕುಲ. ಇದು ಅದರ ದಾಯಾದಿ, ಇಲ್ಲಿ ಬೇರನ್ನು ಕೊಳೆಸುತ್ತದೆ. ಪ್ರತಿ ಹಾದಿಯ ಮೊದಲು ಮತ್ತು ಕೊನೆಗೆ ಮಣ್ಣು ಪೂರ್ತಿ ಉಜ್ಜಿ ತೆಗೆದು ಆಮೇಲೆ ಸ್ಪಿರಿಟ್ ಸಿಂಪಡಿಸಬೇಕು. ಮಣ್ಣು ಮೆತ್ತಿರುವಾಗಲೇ ಸಿಂಪಡಿಸಿದರೆ ಒಳಗಿನ ರೋಗಾಣುವಿಗೆ ಏನೂ ಆಗುವುದಿಲ್ಲ.

ಕತ್ತರಿ ಬೇಡ. ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಗಿಡ, ಹೂ, ಬೀಜ ಕೀಳುವುದು 1974ರ ಕಾಯ್ದೆಯಡಿ ಅಪರಾಧ. ನೋಡುವುದೆಲ್ಲ ಗಿಡದ ಮೇಲೆಯೇ, ಇಲ್ಲವೆ ದಾರಿಯಲ್ಲಿ ತಾನಾಗಿ ಉದುರಿದ ಹೂವಿನಲ್ಲಿ.

ಮೊದಲ ದಿನ: ಹೀತ್‌ಕೋಟ್‌ನಿಂದ ವಾಟರ್‌ಫಾಲ್

ಸಿಡ್ನಿಯ ದಕ್ಷಿಣಕ್ಕೆ ರಾಯಲ್ ನ್ಯಾಷನಲ್ ಪಾರ್ಕ್. 1879ರಲ್ಲಿ ಘೋಷಣೆಯಾದ ಈ ಉದ್ಯಾನದ ಅಂಚಿನಲ್ಲೇ ರೈಲು ಹಾದಿ ಇರುವುದರಿಂದ ಕಾರು ಬೇಕಿಲ್ಲ. ಹೀತ್‌ಕೋಟ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಬದಿಗೆ ದಾಟಿದರೆ ಕಾರ್ಲೂ ಟ್ರ್ಯಾಕ್. ಕೊಳ್ಳಕ್ಕಿಳಿದು ಕಾರ್ಲೂ ಮಡು, ಅಲ್ಲಿಂದ ಹತ್ತಿ ಉಲೂಲಾ ಜಲಪಾತ, ಕೊನೆಗೆ ವಾಟರ್‌ಫಾಲ್ ಸ್ಟೇಷನ್: ಸುಮಾರು 10 ಕಿ.ಮೀ. ನಡಿಗೆ. ಬರೀ ನಡೆಯುವವರಿಗೆ ನಾಲ್ಕು ಗಂಟೆ ಸಾಕು. ಪ್ರತಿ ಪೊದೆಯ ಮುಂದೆ ಕುಕ್ಕರಗಾಲಲ್ಲಿ ಕೂರುವವರು ಪೂರಾ ದಿನ ಇಟ್ಟುಕೊಳ್ಳಬೇಕು.

ಏಣಿನ ಮೇಲಿನ ಮೊದಲ ಅರ್ಧ ಗಂಟೆಯಲ್ಲೇ ಡಿಲ್ವಿನಿಯಾ ರಿಟಾರ್ಟಾ ಸಿಗುತ್ತದೆ. ಸಾಮಾನ್ಯವಾಗಿ ಮೊಣಕಾಲಿನಿಂದ ಎದೆಮಟ್ಟದವರೆಗಿನ ಪೊದೆ; ನೆರಳಿನಲ್ಲಿ ಸಡಿಲವಾಗಿ ಎತ್ತರಕ್ಕೆ ಹೋಗುತ್ತದೆ, ಬಂಡೆಯ ಮೇಲಿನ ತೆಳುಮಣ್ಣಿನಲ್ಲಿ ನೆಲಕ್ಕೆ ಒರಗುತ್ತದೆ. ಎತ್ತರ ನೋಡಿ ಹೆಸರು ಹೇಳಲಾಗದು. ಎಲೆಗೆ ಬರಬೇಕು. ಎಲೆ 4ರಿಂದ 12 ಮಿ.ಮೀ. ಉದ್ದ, ದಪ್ಪ ದಾರದಷ್ಟು ಅಗಲ. ಲೆನ್ಸಿನಡಿ ಎರಡು ವಿಷಯ ಕಾಣಬೇಕು. ಒಂದು, ಎಲೆಯ ಎರಡೂ ಅಂಚು ಮೇಲ್ಮುಖವಾಗಿ ಸುರುಳಿಕೊಂಡು ಮೇಲ್ಮೈಯಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ. ಎರಡು, ಇಡೀ ಎಲೆ ತನ್ನ ಸುತ್ತ ತಾನೇ ಹುರಿಗೊಂಡಿರುತ್ತದೆ, ಹತ್ತಿಯ ಬತ್ತಿ ಹೊಸೆದ ಹಾಗೆ. ರಿಟಾರ್ಟಾ ಎಂದರೆ ತಿರುಚಿದ್ದು ಎಂದೇ. ಕಾಲುವೆ ಕುಲದ ಗುರುತು, ಹುರಿ ಪ್ರಭೇದದ ಗುರುತು. ಹುರಿ ಎಳೆಯ ಎಲೆಗಳಲ್ಲಿ ಅಷ್ಟು ಸ್ಪಷ್ಟವಿರುವುದಿಲ್ಲ, ಆದ್ದರಿಂದ ಕೊಂಬೆಯ ತುದಿ ಬಿಟ್ಟು ನಾಲ್ಕು ಬೆರಳು ಕೆಳಗಿನ ಎಲೆ ನೋಡಬೇಕು. ತುದಿಯ ಎಲೆ ನೋಡಿ 'ತಿರುಚಿಲ್ಲ' ಎಂದು ಬರೆದುಕೊಳ್ಳುವುದು ಹೊಸಬರ ಮಾಮೂಲಿ ತಪ್ಪು.

ಮುಂದಿನ ಪರೀಕ್ಷೆ ಎಲೆಬುಡದ್ದು. ಎಲೆ ಕಾಂಡಕ್ಕೆ ಸೇರುವಲ್ಲಿ ಎರಡೂ ಪಕ್ಕ ಕಂದುಬಣ್ಣದ, ಒಣ ಕಾಗದದಂಥ ಪುಟ್ಟ ಕಾವಿನೆಲೆಗಳಿದ್ದರೆ ಅದು ಪುಲ್ಟಿನಿಯಾ ಎಂಬ ನೆಂಟ ಕುಲ. ಏನೂ ಇಲ್ಲದಿದ್ದರೆ ಡಿಲ್ವಿನಿಯಾ ಕಡೆಗೆ ವಾಲಬಹುದು. ಪುಲ್ಟಿನಿಯಾದ ಎಷ್ಟೋ ಪ್ರಭೇದಗಳಲ್ಲೂ ಎಲೆಯ ಅಂಚು ಮೇಲಕ್ಕೆ ಬಾಗಿರುತ್ತದೆ, ದೂರದಿಂದ ಕಾಲುವೆಯಂತೆಯೇ ಕಾಣುತ್ತದೆ. ಹಾಗಾಗಿ ಕಾಲುವೆಯೊಂದನ್ನೇ ನಂಬಬಾರದು. ಅನುಮಾನ ಉಳಿದರೆ ಹೂವಿನ ಬುಡಕ್ಕೆ ಲೆನ್ಸ್ ಹಿಡಿಯಿರಿ: ಹಸಿರು ಪುಷ್ಪಪಾತ್ರೆಯ ಮೈಗೇ ಎರಡು ಕಿರು ಹೂವೆಲೆಗಳು ಅಂಟಿಕೊಂಡಿದ್ದರೆ ಪುಲ್ಟಿನಿಯಾ ಖಚಿತ. ಡಿಲ್ವಿನಿಯಾದಲ್ಲಿ ಅವು ತೊಟ್ಟಿನ ಮೇಲಿದ್ದು ಬೇಗ ಉದುರಿಹೋಗುತ್ತವೆ.

ಇಷ್ಟಾದ ಮೇಲೆ ಹೂ. ಅವರೆ, ಬಟಾಣಿ ಹೂವಿನ ಅದೇ ಕಟ್ಟಡ: ಹಿಂದೆ ನಿಂತ ಒಂದು ಧ್ವಜದಳ, ಪಕ್ಕಕ್ಕೆ ಎರಡು ರೆಕ್ಕೆದಳ, ಒಳಗೆ ಎರಡು ಎಸಳು ಕೂಡಿ ಆದ ದೋಣಿ. ಡಿಲ್ವಿನಿಯಾದ ಧ್ವಜ ಎತ್ತರಕ್ಕಿಂತ ಅಗಲ ಹೆಚ್ಚು. ಎರಡೂ ಕಡೆ ಕಿವಿ ಚಾಚಿದಂತಿರುವ ಹಳದಿ ಧ್ವಜ, ಅದರ ಬುಡದಲ್ಲಿ ಕೆಂಪು ಗೀರುಗಳು, ದೋಣಿ ಚಿಕ್ಕದು, ಬಹುತೇಕ ಕೆಂಪು. ಸ್ಕೇಲು ಹಿಡಿದು ಅಳೆದರೆ ಅಂದಾಜು ಖಚಿತವಾಗುತ್ತದೆ.

ದಾರಿಯಲ್ಲಿ ಉದುರಿದ ಒಂದು ಹೂವನ್ನು ಬಿಳಿ ರಟ್ಟಿನ ಮೇಲಿಟ್ಟು ಹುಲ್ಲುಕಡ್ಡಿಯಿಂದ ದೋಣಿಯನ್ನು ಸೀಳಿ. ಹತ್ತು ಕೇಸರಗಳು, ಹತ್ತೂ ಬಿಡಿಬಿಡಿ. ಅವರೆ, ತೊಗರಿ, ಬಟಾಣಿಗಳಲ್ಲಿ ಒಂಬತ್ತು ಕೇಸರ ಒಂದಾಗಿ ಕೊಳವೆ ಕಟ್ಟಿ ಹತ್ತನೆಯದು ಒಂಟಿ ನಿಲ್ಲುತ್ತದೆ. ಅದನ್ನೇ ನೋಡಿ ಬೆಳೆದ ಕಣ್ಣಿಗೆ ಈ ಬಿಡಿ ಕೇಸರ ವಿಚಿತ್ರ. ಆಸ್ಟ್ರೇಲಿಯಾದ ಈ ಪೊದೆ ಬಟಾಣಿಗಳ ದೊಡ್ಡ ಗುಂಪಿನಲ್ಲಿ, ಅಂದರೆ ಡಿಲ್ವಿನಿಯಾ, ಪುಲ್ಟಿನಿಯಾ, ಡೇವೀಸಿಯಾ, ಗೋಂಫೊಲೋಬಿಯಂಗಳಲ್ಲಿ, ಹತ್ತೂ ಸ್ವತಂತ್ರ. ಅಂಡಾಶಯದಲ್ಲಿ ಎರಡೇ ಅಂಡಕ. ಕಾಯಿ ಬಲಿತಾಗ ಕೊತ್ತಂಬರಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಉಬ್ಬಿದ ಕಾಯಿ, ಒಳಗೆ ಒಂದೋ ಎರಡೋ ಬೀಜ. 'ಬಟಾಣಿ' ಎಂಬ ಹೆಸರು ಕೇಳಿ ಉದ್ದದ ಕೋಡು ಹುಡುಕಿದರೆ ಸಿಗದು.

ಬಿಸಿಲೇರಿದ ಮೇಲೆ ಅಲುಗಾಡದೆ ಹತ್ತು ನಿಮಿಷ ನಿಂತರೆ ಹೂವಿನ ಯಂತ್ರ ಓಡುವುದು ಕಾಣುತ್ತದೆ. ಜೇನ್ನೊಣ ರೆಕ್ಕೆದಳದ ಮೇಲೆ ಕಾಲೂರಿ ತಲೆಯನ್ನು ಧ್ವಜದ ಬುಡಕ್ಕೆ ತೂರಿಸುತ್ತದೆ. ಅದರ ಭಾರಕ್ಕೆ ದೋಣಿ ಕೆಳಗೆ ಬಾಗಿ, ಒಳಗಿನ ಕೇಸರ-ಶಲಾಕೆ ಮೇಲೆದ್ದು ಹೊಟ್ಟೆಗೆ ತಾಗುತ್ತವೆ. ನೊಣ ಹಾರಿದೊಡನೆ ದೋಣಿ ಮೇಲೆ ಬಂದು ಎಲ್ಲವನ್ನೂ ಮುಚ್ಚುತ್ತದೆ. ಟ್ರೈಕೊಕೊಲ್ಲೀಟಿಸ್ ಎಂಬ ಅಲ್ಲಿನದೇ ಒಂಟಿ ಜೇನ್ನೊಣಗಳ ಕುಲ ಬಟಾಣಿ ಹೂಗಳಿಗೇ ಒಗ್ಗಿಕೊಂಡದ್ದು. ಹೊರಗಿನಿಂದ ತಂದ ಯುರೋಪಿನ ಜೇನೂ ಈಗ ಧಾರಾಳ.

ಈ ಜಾಡಿನಲ್ಲಿ ಒಂದು ಮೋಸಗಾರ ಹೂವೂ ಇದೆ. ಡಯೂರಿಸ್ ಮ್ಯಾಕುಲಾಟಾ ಎಂಬ ನೆಲದ ಆರ್ಕಿಡ್, ಹಳದಿಗೆ ಕಂದು ಚುಕ್ಕೆ, ಪೊದೆಗಳ ನಡುವೆ ಒಂದು ಗೇಣಿನ ದಂಟಿನ ಮೇಲೆ ನಿಂತಿರುತ್ತದೆ. ದೂರಕ್ಕೆ ಅಪ್ಪಟ ಬಟಾಣಿ ಹೂ. ಡೇವೀಸಿಯಾ ಮೊದಲಾದವನ್ನು ಅನುಕರಿಸಿ, ಮಕರಂದ ಕೊಡದೆಯೇ ಜೇನ್ನೊಣದಿಂದ ಕೆಲಸ ಮಾಡಿಸಿಕೊಳ್ಳುತ್ತದೆ. ಮೇಲೆ ಕತ್ತೆಕಿವಿಯಂತೆ ನಿಂತ ಎರಡು ಎಸಳು, ಕೆಳಗೆ ನೇತಾಡುವ ಎರಡು ಕಿರಿದಾದ ಎಸಳು ಕಂಡರೆ ಅದು ಆರ್ಕಿಡ್. ದಂಟನ್ನು ನೋಡಿದರೆ ಸಾಕು: ಪೊದೆ ಇಲ್ಲ, ಬುಡದಲ್ಲಿ ಹುಲ್ಲಿನಂಥ ಒಂದೆರಡು ಎಲೆ.

ಕೊಳ್ಳಕ್ಕೆ ಇಳಿದಂತೆ ಡಿಲ್ವಿನಿಯಾ ವಿರಳವಾಗುತ್ತ ಹೋಗುತ್ತದೆ. ನೆರಳು, ತೇವ, ಮೇಲಿನಿಂದ ತೊಳೆದು ಬಂದ ಮಣ್ಣು ಇರುವಲ್ಲಿ ಪುಲ್ಟಿನಿಯಾ ಫ್ಲೆಕ್ಸಿಲಿಸ್, ಬೆಣೆಯಾಕಾರದ ಎಲೆತುದಿಯಲ್ಲಿ ಸಣ್ಣ ಮುಳ್ಳಿರುವ ಪುಲ್ಟಿನಿಯಾ ಡಾಫ್ನಾಯ್ಡಿಸ್, ಎದುರುಬದುರು ಹೃದಯಾಕಾರದ ಎಲೆಯ ಪ್ಲಾಟಿಲೋಬಿಯಂ ಫಾರ್ಮೋಸಂ, ಮುಳ್ಳಂಚಿನ ಎಲೆಯ ಪೊಡೊಲೋಬಿಯಂ ಇಲಿಸಿಫೋಲಿಯಂ. ಮತ್ತೆ ಏಣು ಹತ್ತಿದಾಗ ಎಲೆಯೇ ಇಲ್ಲದ ಒಂದು ಗಿಡ ಕಾಲಿಗೆ ತಾಗುತ್ತದೆ: ಬಾಸಿಯಾ ಸ್ಕೊಲೊಪೆಂಡ್ರಿಯಾ. ಕಾಂಡವೇ ಚಪ್ಪಟೆಯಾಗಿ ಹಸಿರು ಪಟ್ಟಿಯಂತೆ, ಅಂಚಿನ ಕಚ್ಚುಗಳಿಂದ ಹೂ. ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಎಂದು ಬೆಳೆಸುವ ಕಳ್ಳಿಯ ಕಾಂಡ ನೆನಪಾದರೆ ಗುರುತು ಮರೆಯುವುದಿಲ್ಲ. ಬಾಸಿಯಾ ಮತ್ತು ಪ್ಲಾಟಿಲೋಬಿಯಂಗಳ ಕೇಸರ ಮಾತ್ರ ಬಿಡಿಯಲ್ಲ, ಒಂದು ಬದಿ ಸೀಳಿದ ಕೊಳವೆಯಂತೆ ಕೂಡಿವೆ. ಒಂದೇ ಬಣ್ಣದ ಹೂವಾದರೂ ಬೇರೆ ಮನೆತನ ಎಂದು ಹೇಳುವುದು ಆ ಕೊಳವೆಯೇ.

ಎರಡನೇ ದಿನ: ಬಂಡೀನಾ, ಗಾಳಿ ಕತ್ತರಿಸಿದ ಬಯಲು

ಕ್ರೊನುಲ್ಲಾದಿಂದ ದೋಣಿಯಲ್ಲಿ ಅರ್ಧ ಗಂಟೆಗೆ ಬಂಡೀನಾ. ಅಲ್ಲಿಂದ ಕರಾವಳಿಯ ದಾರಿಯಲ್ಲಿ ಮಾರ್ಲೀ ಬೀಚಿನವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸು. ಇಲ್ಲಿ ಮರವಿಲ್ಲ. ಸಮುದ್ರದ ಉಪ್ಪುಗಾಳಿಗೆ ಎಲ್ಲ ಪೊದೆಗಳೂ ಸೊಂಟದ ಮಟ್ಟಕ್ಕೆ ಕತ್ತರಿ ಹಾಕಿದಂತೆ ನಿಂತಿವೆ.

ನಿನ್ನೆ ಒಣ ಏಣು, ಇಂದು ಒದ್ದೆ ಬಯಲು. ಮರಳುಗಲ್ಲಿನ ಹಾಸು ನೀರನ್ನು ಕೆಳಗೆ ಬಿಡದೆ ತಡೆಯುವಲ್ಲಿ ಕಪ್ಪು ಮರಳುಮಣ್ಣು ಸ್ಪಂಜಿನಂತೆ ನೀರು ಹಿಡಿದಿರುತ್ತದೆ. ಅಲ್ಲಿ ರಿಟಾರ್ಟಾ ಹಿಂದೆ ಸರಿದು ಡಿಲ್ವಿನಿಯಾ ಫ್ಲೋರಿಬಂಡಾ ಮುಂದೆ ಬರುತ್ತದೆ. ಇದರ ಎಲೆಯಲ್ಲೂ ಕಾಲುವೆ ಇದೆ, ಹುರಿ ಇಲ್ಲ. ಮೈ ನಯವಲ್ಲ, ಲೆನ್ಸಿನಡಿ ಗುಳ್ಳೆಗುಳ್ಳೆಯಾಗಿ ಕಾಣುತ್ತದೆ. ಬೆರಳಿಗೂ ಒರಟು ಗೊತ್ತಾಗುತ್ತದೆ. ಹೂಗಳು ಎಲೆಗಂಕುಳಲ್ಲಿ ಎರಡೆರಡು, ಎಲೆಗಳು ಒತ್ತೊತ್ತಾಗಿರುವುದರಿಂದ ಇಡೀ ಕೊಂಬೆಯೇ ಹೂವಿನ ತೆನೆಯಂತಿರುತ್ತದೆ.

ಜೋಪಾನವಾಗಿ ನೋಡಬೇಕಾದ ಇನ್ನೊಂದು ಏಓಟಸ್ ಎರಿಕಾಯ್ಡಿಸ್. ಹೂ ನೋಡಿದರೆ ಡಿಲ್ವಿನಿಯಾವೇ. ಎಲೆಯೊಂದನ್ನು ಬೆರಳಿನಿಂದ ಎತ್ತಿ ಹಿಂಬದಿ ನೋಡಿ: ಅಂಚುಗಳು ಕೆಳಕ್ಕೆ ಮಡಚಿರುತ್ತವೆ. ಮೇಲಕ್ಕೆ ಮಡಚಿದ್ದು ಡಿಲ್ವಿನಿಯಾ, ಕೆಳಕ್ಕೆ ಮಡಚಿದ್ದು ಏಓಟಸ್. ಈ ಒಂದು ವಾಕ್ಯ ಬಾಯಿಪಾಠವಾದರೆ ಕರಾವಳಿಯ ಅರ್ಧ ಗೊಂದಲ ತೀರಿತು. ಏಓಟಸ್ ಎಂಬ ಹೆಸರಿನ ಅರ್ಥ 'ಕಿವಿಯಿಲ್ಲದ್ದು'. ಪುಲ್ಟಿನಿಯಾದ ಪುಷ್ಪಪಾತ್ರೆಗಿರುವ ಕಿರು ಹೂವೆಲೆಗಳು ಇದಕ್ಕಿಲ್ಲ ಎಂಬುದಕ್ಕೆ ಇಟ್ಟ ಹೆಸರು.

ನೀರು ನಿಲ್ಲುವ ತಗ್ಗಿನಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ತಂತಿಯಂತೆ ನೆಟ್ಟಗೆ ನಿಂತ, ಎಲೆ ಇಲ್ಲದ ಸ್ಫೆರೊಲೋಬಿಯಂ ವಿಮಿನಿಯಂ ಒಂದು. ಮನುಷ್ಯನಿಗಿಂತ ಎತ್ತರಕ್ಕೆ ಹೋಗಿ ಹಸಿರು ದಾರಗಳನ್ನು ಇಳಿಬಿಟ್ಟ ವಿಮಿನೇರಿಯಾ ಜುನ್ಸಿಯಾ ಇನ್ನೊಂದು. ವಿಮಿನೇರಿಯಾ ಕುಲದಲ್ಲಿ ಇರುವುದೇ ಈ ಒಂದು ಪ್ರಭೇದ. ನೀರು ನಿಂತ ಮಣ್ಣಿನಲ್ಲಿ ಇದರ ಬೇರುಗಳು ಸ್ಪಂಜಿನಂಥ ಗಾಳಿ ತುಂಬಿದ ಪದರ ಬೆಳೆಸಿಕೊಂಡು ಉಸಿರಾಡುತ್ತವೆ. ರಿಟಾರ್ಟಾಗೆ ಈ ಉಪಾಯ ಇಲ್ಲ, ಅದಕ್ಕೇ ಅದು ಇಲ್ಲಿಗೆ ಇಳಿಯುವುದಿಲ್ಲ.

ಸಮುದ್ರದ ಕಡೆಯ ಬಂಡೆಯಂಚಿಗೆ ಫೋಟೋಗಾಗಿ ಹೋಗುವುದು ಬೇಡ. ಮರಳುಗಲ್ಲು ಕೆಳಗಿನಿಂದ ಕೊರೆದು ಮೇಲೆ ಚಪ್ಪರದಂತೆ ಚಾಚಿರುತ್ತದೆ, ಮೇಲೆ ನಿಂತವರಿಗೆ ಅದು ಗೊತ್ತಾಗುವುದಿಲ್ಲ.

ಮೂರನೇ ದಿನ: ಕಾಸಲ್‌ರೇ, ಮುರಕಲ್ಲು ಜಲ್ಲಿಯ ನೆಲ

ಮೂರನೇ ದಿನಕ್ಕೆ ಕಾರು ಬೇಕು. ಸಿಡ್ನಿಯ ಪಶ್ಚಿಮಕ್ಕೆ, ಪೆನ್ರಿತ್ ಮತ್ತು ವಿಂಡ್ಸರ್ ನಡುವೆ ಕಾಸಲ್‌ರೇ ನೇಚರ್ ರಿಸರ್ವ್. ನೋಡಲು ಸಪ್ಪೆ ಜಾಗ: ಸಮತಟ್ಟು ನೆಲ, ಒಣ ಮರಗಳು, ಹಿಂದೆ ಟ್ರಾಫಿಕ್ಕಿನ ಸದ್ದು. ಜಲಪಾತ, ಸಮುದ್ರ ನೋಡಿ ಬಂದವರಿಗೆ ನಿರಾಸೆ ಆದೀತು. ಆದರೆ ಸಸ್ಯಗಳ ಲೆಕ್ಕದಲ್ಲಿ ಐದು ದಿನಗಳಲ್ಲಿ ಇದೇ ತೂಕದ ದಿನ.

ಇಲ್ಲಿ ಮರಳುಗಲ್ಲಿಲ್ಲ. ಹಳೆಯ ನದಿ ತಂದು ಹಾಕಿದ ಜೇಡಿ, ಮರಳು, ಅದರಲ್ಲಿ ಬೆರೆತ ಕಬ್ಬಿಣದಂಶದ ಕೆಂಪು ಜಲ್ಲಿ. ಕರಾವಳಿಯ ಮುರಕಲ್ಲು ಕಂಡವರಿಗೆ ಪರಿಚಿತ ಬಣ್ಣ. ಮೇಲೆ ಸ್ಕ್ರಿಬ್ಲಿ ಗಮ್ ಎಂಬ ನೀಲಗಿರಿ ಜಾತಿಯ ಮರ, ಅದರ ಬಿಳಿ ತೊಗಟೆಯ ಮೇಲೆ ಮಗು ಗೀಚಿದಂಥ ಗೆರೆ. ಆ ಗೆರೆ ಗೀಚಿದ್ದು ತೊಗಟೆಯೊಳಗೆ ಸುರಂಗ ಕೊರೆದ ಪತಂಗದ ಮರಿಹುಳ.

ಮಣ್ಣು ಬದಲಾದೊಡನೆ ಡಿಲ್ವಿನಿಯಾವೂ ಬದಲಾಗುತ್ತದೆ. ಗಟ್ಟಿ, ನೇರ, ಚುಚ್ಚುವ ಎಲೆಯದು ಡಿಲ್ವಿನಿಯಾ ಸೀಬೆರಿ, ಜೇಡಿಮಣ್ಣಿಗೆ ಒಗ್ಗಿದ್ದು. ಅದರ ನಡುವೆ ಇನ್ನೂ ಸಣ್ಣ, ಮೆದು ಎಲೆಯ ಡಿಲ್ವಿನಿಯಾ ಟೆನ್ಯುಯಿಫೋಲಿಯಾ. ಇದು ರಾಜ್ಯದ ಪಟ್ಟಿಯಲ್ಲಿ 'ಅಪಾಯಕ್ಕೆ ಒಳಗಾಗಬಲ್ಲದ್ದು' (ವಲ್ನರಬಲ್) ಎಂದು ದಾಖಲಾದ ಗಿಡ, ಮುಖ್ಯ ನೆಲೆ ಈ ಪೆನ್ರಿತ್-ವಿಂಡ್ಸರ್ ಬಯಲು. ಇದೇ ಬಯಲಿನ ಪುಲ್ಟಿನಿಯಾ ಪಾರ್ವಿಫ್ಲೋರಾದ ಪರಿಸ್ಥಿತಿ ಇನ್ನೂ ಬಿಗಿ. ಕಾರಣ ಊಹಿಸಲು ಕಷ್ಟವಿಲ್ಲ: ಮರಳುಗಲ್ಲಿನ ಕಡಿದಾದ ಕೊಳ್ಳಗಳಲ್ಲಿ ಮನೆ ಕಟ್ಟಲಾಗದು, ಈ ಸಮತಟ್ಟು ನೆಲದಲ್ಲಿ ಕಟ್ಟಬಹುದು. ಅಪರೂಪದ ಗಿಡ ಅಂದರೆ ದುರ್ಗಮ ಬೆಟ್ಟದ ತುದಿಯಲ್ಲಿರುತ್ತದೆ ಎಂಬ ಕಲ್ಪನೆ ನಮ್ಮಲ್ಲಿ ಬಹಳ. ಇಲ್ಲಿ ತಿರುಗುಮುರುಗು, ಸುಲಭದ ನೆಲದಲ್ಲಿದ್ದದ್ದೇ ಅದಕ್ಕೆ ಮುಳುವಾಯಿತು.

ಇಲ್ಲಿ ಕೈ ಜೋಪಾನ. ಡೇವೀಸಿಯಾ ಯುಲಿಸಿಫೋಲಿಯಾದ ಪ್ರತಿ ಎಲೆಯ ತುದಿಯೂ ಸೂಜಿ. ಡೇವೀಸಿಯಾಗಳನ್ನು ಕಾಯಿ ಇರುವಾಗ ಯಾರೂ ತಪ್ಪುವುದಿಲ್ಲ, ಏಕೆಂದರೆ ಕಾಯಿ ಚಪ್ಪಟೆ ತ್ರಿಕೋನ. ಡಿಲ್ವಿನಿಯಾದ್ದು ಉಬ್ಬಿದ ಮೊಟ್ಟೆಯಾಕಾರ, ಗೋಂಫೊಲೋಬಿಯಂನದು ಗಾಳಿ ತುಂಬಿದ ಗುಂಡು ಬುಗ್ಗೆ, ಪ್ಲಾಟಿಲೋಬಿಯಂನದು ಬೆನ್ನಿಗೆ ರೆಕ್ಕೆಯಿರುವ ಚಪ್ಪಟೆ ಕೋಡು. ಹೂ ಮುಗಿದ ನವೆಂಬರ್-ಡಿಸೆಂಬರ್‌ನಲ್ಲಿ ಬರುವವರಿಗೆ ಗುರುತಿಸುವುದು ಹೂಕಾಲಕ್ಕಿಂತ ಸಲೀಸು ಎಂದರೆ ನಂಬುವವರು ಕಡಿಮೆ.

ಸಂಜೆ ಕಾರು ಹತ್ತುವ ಮೊದಲು ಬೂಟಿನ ಜೇಡಿಯನ್ನು ತಾಳ್ಮೆಯಿಂದ ಉಜ್ಜಬೇಕು. ಮರಳು ಕೊಡವಿದರೆ ಉದುರುತ್ತದೆ, ಈ ಮಣ್ಣು ಉದುರುವುದಿಲ್ಲ. ಕಾಲುಚೀಲದ ಮೇಲೆ, ಸೊಂಟದ ಪಟ್ಟಿಯ ಹತ್ತಿರ ರಕ್ತ ಹೀರುವ ಉಣ್ಣೆಹುಳ ಹತ್ತಿದೆಯೇ ಎಂದೂ ನೋಡಿಕೊಳ್ಳಬೇಕು.

ನಾಲ್ಕನೇ ದಿನ: ಬ್ಲಾಕ್‌ಹೀತ್, ಬೆಂಕಿ ಹಾದುಹೋದ ಮೇಲೆ

ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನಿಂದ ಎರಡು ಗಂಟೆಗೂ ಮೇಲಿನ ರೈಲು ಪ್ರಯಾಣ. ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಊರು ಬ್ಲಾಕ್‌ಹೀತ್ ಸಮುದ್ರಮಟ್ಟದಿಂದ 1,065 ಮೀಟರ್ ಎತ್ತರದಲ್ಲಿದೆ. ಕರಾವಳಿಯಲ್ಲಿ ಮಾಗಿದ ಹೂ ಇಲ್ಲಿ ಇನ್ನೂ ಮೊಗ್ಗು. ಒಂದೇ ಗಿಡದ ಎರಡು ಹಂತ ನೋಡಬೇಕೆಂದರೆ ಒಂದೇ ವಾರದಲ್ಲಿ ಕೆಳಗೂ ಮೇಲೂ ಹೋಗಬೇಕು. ಫೇರ್‌ಫ್ಯಾಕ್ಸ್ ಹೆರಿಟೇಜ್ ಟ್ರ್ಯಾಕ್ ಸಮತಟ್ಟಾದ ಹಾದಿ, 2 ಕಿ.ಮೀ.ಗೂ ಕಡಿಮೆ, ಗಾಲಿಕುರ್ಚಿಯೂ ಹೋಗುತ್ತದೆ. ಕೊನೆಗೆ ಗವೆಟ್ಸ್ ಲೀಪ್ ಎಂಬ ವೀಕ್ಷಣಾ ಸ್ಥಳ, ಕೆಳಗೆ ಗ್ರೋಸ್ ಕಣಿವೆ.

2019ರ ಕೊನೆಯಲ್ಲಿ ಬೆಂಕಿ ಈ ಕಣಿವೆಗೆ ಇಳಿದಿತ್ತು. ರಾಯಲ್ ನ್ಯಾಷನಲ್ ಪಾರ್ಕಿಗೆ 1994ರ ಜನವರಿಯಲ್ಲಿ ಇದೇ ಗತಿ. ಆಗ ಉದ್ಯಾನದ ಶೇ 90ಕ್ಕೂ ಹೆಚ್ಚು ಭಾಗ ಸುಟ್ಟಿತ್ತು. ಸುಟ್ಟ ಜಾಗದಲ್ಲಿ ನೋಡಬೇಕಾದದ್ದು ಗಿಡದ ಬುಡ. ಕರಿಹಿಡಿದ ಬುಡದಿಂದ ಹಲವು ಚಿಗುರು ಎದ್ದಿದ್ದರೆ ಅದು ಬೆಂಕಿಯಲ್ಲಿ ಬದುಕುಳಿದು ಮತ್ತೆ ಚಿಗುರಿದ ಗಿಡ. ಕರಿಯೇ ಇಲ್ಲದ ಒಂದೇ ಕಾಂಡ, ಸುತ್ತಲೂ ಅಷ್ಟೇ ಎತ್ತರದ ಓರಗೆಯವು ಇದ್ದರೆ ಎಲ್ಲವೂ ಬೆಂಕಿಯ ನಂತರ ಬೀಜದಿಂದ ಮೊಳೆತವು. ಡಿಲ್ವಿನಿಯಾ ರಿಟಾರ್ಟಾ ಎರಡನೆಯ ಬಗೆ. ಬೆಂಕಿಗೆ ತಾಯಿಗಿಡ ಸಾಯುತ್ತದೆ, ಮಣ್ಣಿನೊಳಗಿನ ಬೀಜ ಏಳುತ್ತದೆ.

ಆ ಬೀಜ ಅಲ್ಲಿಗೆ ಹೋದದ್ದು ಇರುವೆಯ ಹೆಗಲ ಮೇಲೆ. ಬೇಸಗೆಯ ಬಿಸಿ ದಿನ ಕಾಯಿ ಚಟಕ್ಕೆಂದು ಸಿಡಿದು ಬೀಜ ನೆಲಕ್ಕೆ ಬೀಳುತ್ತದೆ. ಬೀಜದ ಒಂದು ತುದಿಯಲ್ಲಿ ಎಣ್ಣೆಯಂಶದ ಬಿಳಿ ತುಣುಕು. ಇರುವೆ ಅದರಾಸೆಗೆ ಬೀಜವನ್ನು ಗೂಡಿಗೆ ಒಯ್ದು, ತುಣುಕನ್ನು ತಿಂದು, ಬೀಜವನ್ನು ಮಣ್ಣಿನೊಳಗೇ ಬಿಡುತ್ತದೆ. ಬೀಜದ ಸಿಪ್ಪೆ ನೀರನ್ನು ಒಳಬಿಡದಷ್ಟು ಗಟ್ಟಿ, ಹಾಗಾಗಿ ವರ್ಷಗಟ್ಟಲೆ ಮೊಳೆಯದೆ ಕಾಯುತ್ತದೆ. ಮೇಲೆ ಬೆಂಕಿ ಹಾದಾಗ ಮಣ್ಣು ಕಾಯುತ್ತದೆ; 80ರಿಂದ 100 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದ ಬೀಜದ ಸಿಪ್ಪೆ ಬಿರುಕು ಬಿಟ್ಟು ಮುಂದಿನ ಮಳೆಗೆ ಮೊಳೆಯುತ್ತದೆ.

ಲೆಕ್ಕ ಬಲು ನಾಜೂಕು. ಮೇಲ್ಮೈಯಲ್ಲೇ ಉಳಿದ ಬೀಜ ಅತಿ ಬಿಸಿಗೆ ಬೇಯುತ್ತದೆ. ತೀರ ಆಳಕ್ಕೆ ಹೋದದ್ದಕ್ಕೆ ಬಿಸಿಯೇ ತಲುಪುವುದಿಲ್ಲ, ಮಣ್ಣು ಅಷ್ಟು ಒಳ್ಳೆಯ ಕಂಬಳಿ. ಮೇಲಿನ ಕೆಲವೇ ಸೆಂಟಿಮೀಟರ್ ಮಾತ್ರ ಕಾಯುತ್ತದೆ. ಚಳಿಗಾಲದಲ್ಲಿ ಒದ್ದೆ ನೆಲದ ಮೇಲೆ ಇಲಾಖೆಯವರು ಹಚ್ಚುವ ತಣ್ಣನೆಯ ಬೆಂಕಿ ತಾಯಿಗಿಡವನ್ನು ಕೊಂದು ಬೀಜವನ್ನು ಎಬ್ಬಿಸದೆ ಹೋಗುವ ಸಾಧ್ಯತೆ ಇದೆ. ಹಾಗೆಯೇ ಮೊಳೆತ ಸಸಿ ಹೂಬಿಟ್ಟು ಮಣ್ಣಿನ ಬೀಜದ ಕಣಜ ಮತ್ತೆ ತುಂಬುವ ಮೊದಲೇ ಎರಡನೇ ಬೆಂಕಿ ಬಂದರೆ ಆ ಜಾಗದಿಂದ ಡಿಲ್ವಿನಿಯಾ ಕಾಣೆಯಾಗುತ್ತದೆ. 'ಈ ಗಿಡಕ್ಕೆ ಬೆಂಕಿ ಬೇಕು' ಎಂದು ಹೇಳಿ ಮುಗಿಸುವುದು ಅರ್ಧ ಮಾತು. ಎಷ್ಟು ಬಿಸಿ, ಎಷ್ಟು ವರ್ಷಕ್ಕೊಮ್ಮೆ ಎಂದು ಸೇರಿಸದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಹಾದಿಯ ಬದಿಯಲ್ಲಿ ಡೇವೀಸಿಯಾ ಲ್ಯಾಟಿಫೋಲಿಯಾ ಕಂಡರೆ ನಿಲ್ಲಿ. ಬಟಾಣಿ ಪೊದೆಗಳಲ್ಲಿ ಅಪರೂಪವೆನಿಸುವಷ್ಟು ಅಗಲ ಎಲೆ, ಬೆಳಕಿಗೆ ಎದುರಾಗಿ ನೋಡಿದರೆ ಬಲೆಯಂತೆ ನರಗಳು. ಕುಲದ ಸಾಮಾನ್ಯ ಹೆಸರೇ ಬಿಟರ್ ಪೀ, ಎಲೆ ಅಷ್ಟು ಕಹಿ. ನೇರಳೆ ಬಣ್ಣ ಕಂಡರೆ ಹೋವಿಯಾ ಅಥವಾ ಹಾರ್ಡನ್ಬರ್ಜಿಯಾ. ನಿಂತ ಪೊದೆಯಾದರೆ ಮೊದಲನೆಯದು, ಹಬ್ಬುವ ಬಳ್ಳಿಯಾದರೆ ಎರಡನೆಯದು.

ಊರಂಚಿನಲ್ಲಿ ಅಪ್ಪಟ ಹಳದಿ, ಕೆಂಪಿನ ಸುಳಿವೇ ಇಲ್ಲದ ದೊಡ್ಡ ಬಟಾಣಿ ಹೂ ಸಿಕ್ಕರೆ ಸಂಭ್ರಮಿಸಬೇಡಿ. ಹಸಿರು ಮುಳ್ಳಿನದು ಗಾರ್ಸ್, ಏಣುಗೆರೆಯ ಹಸಿರು ಕಡ್ಡಿಯದು ಸ್ಕಾಚ್ ಬ್ರೂಮ್. ಎರಡೂ ಯುರೋಪಿನಿಂದ ಬಂದ ಕಳೆ, ಊಟಿಯ ಹುಲ್ಲುಗಾವಲನ್ನು ಆಕ್ರಮಿಸಿರುವುದೂ ಇವೇ. ಡೇವೀಸಿಯಾ ಯುಲಿಸಿಫೋಲಿಯಾ ಹೆಸರಿನ ಅರ್ಥವೂ 'ಗಾರ್ಸ್ ಎಲೆಯದು' ಎಂದೇ ಇರುವುದರಿಂದ ಪಟ್ಟಿ ಬರೆಯುವವರು ಇವೆರಡನ್ನು ಅದಲುಬದಲು ಮಾಡುವುದುಂಟು. ಗಾರ್ಸ್ ಹೂ ಹೆಬ್ಬೆರಳ ಉಗುರಿನಷ್ಟು ದೊಡ್ಡದು. ಡೇವೀಸಿಯಾದ್ದು ಕಿರುಬೆರಳ ಉಗುರಿಗಿಂತ ಚಿಕ್ಕದು, ಕೆಂಪು ಗುರುತು ಇದ್ದೇ ಇರುತ್ತದೆ.

ಐದನೇ ದಿನ: ಮೌಂಟ್ ಆನನ್

ಕೊನೆಯ ದಿನ ಆಸ್ಟ್ರೇಲಿಯನ್ ಬೊಟಾನಿಕ್ ಗಾರ್ಡನ್, ಮೌಂಟ್ ಆನನ್. ಕ್ಯಾಂಪ್‌ಬೆಲ್‌ಟೌನ್ ಹತ್ತಿರದ 416 ಹೆಕ್ಟೇರ್ ತೋಟ, 1988ರಲ್ಲಿ ತೆರೆದದ್ದು. ಬೀಜ ಕಾಪಿಡುವ ಪ್ಲಾಂಟ್‌ಬ್ಯಾಂಕ್ ಇಲ್ಲೇ ಇದೆ, 2013ರಿಂದ. ನಾಲ್ಕು ದಿನ ನೋಡಿದ್ದಕ್ಕೆ ಹೆಸರುಫಲಕ ಹಚ್ಚಿದ ಗಿಡಗಳ ಮುಂದೆ ನಿಂತು ಟಿಪ್ಪಣಿ ತಾಳೆ ನೋಡಬಹುದು. ತೋಟದ ನೆಲ ಜೇಡಿ, ಮರಳುಗಲ್ಲಿನ ಗಿಡಕ್ಕೆ ಒಗ್ಗದ್ದು. ಸಿಡ್ನಿಯಲ್ಲಿ ಮನೆ ಮಾಡಿಕೊಂಡ ಕನ್ನಡಿಗರ ಹಿತ್ತಲಿನದೂ ಅನೇಕ ಕಡೆ ಇದೇ ಮಣ್ಣಾದ್ದರಿಂದ ಬೆಳೆಸುವ ಮಾತು ಇಲ್ಲಿಗೆ ಹೊಂದುತ್ತದೆ. ಭಾರತಕ್ಕೆ ಬೀಜ ಒಯ್ಯುವ ಯೋಚನೆ ಬೇಡ: ಕಾನೂನು ಬಿಡುವುದಿಲ್ಲ, ಗಾರ್ಸ್‌ನ ಪಾಠವೂ ಕಣ್ಣೆದುರಿಗಿದೆ.

ಬೀಜವನ್ನು ಸ್ಥಳೀಯ ಗಿಡಗಳ ನರ್ಸರಿಯಿಂದ ಕೊಳ್ಳಬೇಕು. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿತ ನಿಂತ ಮೇಲೆ ಬಟ್ಟಲಿನ ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಬೀಜವನ್ನೇ ಒಲೆಯ ಮೇಲೆ ಕುದಿಸಿದರೆ ಸತ್ತಿತು. ಬೆಳಗ್ಗೆ ಕೆಲವು ನೆನೆದ ಕಡಲೆಯಂತೆ ಉಬ್ಬಿರುತ್ತವೆ, ಅವನ್ನು ಅಂದೇ ಬಿತ್ತಬೇಕು. ಉಬ್ಬಿದ ಬೀಜವನ್ನು ಮತ್ತೆ ಒಣಗಿಸಿ ಇಡಲಾಗದು. ಉಬ್ಬದೆ ಉಳಿದವಕ್ಕೆ ಮತ್ತೊಮ್ಮೆ ಬಿಸಿನೀರು. ಬೀಜ ಹತ್ತಿಪ್ಪತ್ತೇ ಇದ್ದರೆ ನಯವಾದ ಮರಳುಕಾಗದದ ಎರಡು ಹಾಳೆಗಳ ನಡುವೆ ಹಗುರಾಗಿ ಉಜ್ಜುವುದು ಮೇಲು.

ಮಿಶ್ರಣಕ್ಕೆ ತೊಳೆದ ದಪ್ಪ ಮರಳು 3 ಪಾಲು, ತೆಂಗಿನ ನಾರಿನ ಪುಡಿ 1 ಪಾಲು. ಬಿತ್ತುವ ಆಳ 5 ಮಿ.ಮೀ. ದಾಟಬಾರದು. ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ. ಬೇರಿಗೆ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ ಬೇಕು, ಅದಕ್ಕೆ ನಿಮ್ಮಲ್ಲೋ ಗೆಳೆಯರಲ್ಲೋ ಆರೋಗ್ಯವಾಗಿ ಬೆಳೆದ ಇದೇ ಕುಲದ ಗಿಡದ ಬುಡದ ಮಣ್ಣು ಒಂದು ಚಿಟಿಕೆ ಬೆರೆಸಿದರೆ ಸಾಕು. ನಾಲ್ಕಾರು ನಿಜವಾದ ಎಲೆ ಬಂದಾಗ ಮಣ್ಣಿನ ಗಡ್ಡೆ ಒಡೆಯದಂತೆ ಬೇರೆ ಕುಂಡಕ್ಕೆ. ಬೇರು ಅಲುಗಿದರೆ ಡಿಲ್ವಿನಿಯಾ ಮುನಿಸಿಕೊಂಡು ಒಂದೇ ವಾರದಲ್ಲಿ ಒಣಗುತ್ತದೆ.

ಜೇಡಿನೆಲದಲ್ಲಿ ಗುಂಡಿ ತೋಡಿ ಅದಕ್ಕೆ ಮರಳು ತುಂಬಿ ನೆಡುವವರಿದ್ದಾರೆ. ಅದು ಗುಂಡಿಯಲ್ಲ, ನೀರಿನ ತೊಟ್ಟಿ. ಮೊದಲ ದೊಡ್ಡ ಮಳೆಗೇ ಬೇರು ಕೊಳೆಯುತ್ತದೆ. ನೆಲದ ಮೇಲೆ 30 ಸೆಂ.ಮೀ. ಎತ್ತರದ ಮರಳುಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಗೊಬ್ಬರದ ವಿಷಯದಲ್ಲಿ ನಮ್ಮ ರೂಢಿಯನ್ನು ಬಿಡಬೇಕು. ಮರಳುಗಲ್ಲಿನ ಮಣ್ಣಿನಲ್ಲಿ ರಂಜಕ ತೀರ ಕಡಿಮೆ, ಗಿಡ ಅದಕ್ಕೇ ಒಗ್ಗಿದೆ. ಮೂಳೆಪುಡಿ, ಕೋಳಿಗೊಬ್ಬರ, ಡಿಎಪಿ ಹಾಕಿದರೆ ಹಳೆಯ ಎಲೆಗಳ ಅಂಚು ಸುಟ್ಟಂತಾಗಿ ಹೊಸ ಚಿಗುರು ಹಳದಿಗೆ ತಿರುಗುತ್ತದೆ. ಅದನ್ನು ಪೋಷಣೆಯ ಕೊರತೆ ಎಂದುಕೊಂಡು ಇನ್ನಷ್ಟು ಹಾಕಿದರೆ ಗಿಡ ಹೋಯಿತು. ರಂಜಕ ಕಡಿಮೆಯೆಂದು ನಮೂದಿಸಿದ, ನಿಧಾನಕ್ಕೆ ಕರಗುವ ಗೊಬ್ಬರ ಚಮಚದ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಸಾಕು, ಹಾಕದಿದ್ದರೂ ನಡೆಯುತ್ತದೆ.

ಹೂ ಮುಗಿದೊಡನೆ ಎಲೆ ಇರುವ ಭಾಗದಲ್ಲೇ ಮೂರನೇ ಒಂದು ಪಾಲು ಸವರಬೇಕು. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿಂದ ಚಿಗುರದು. ಬ್ಲಾಕ್‌ಹೀತ್‌ನಲ್ಲಿ ಬೆಂಕಿಯ ನಂತರ ಬುಡದಿಂದ ಚಿಗುರದ ಗಿಡವೇ ಇದು. ಬೀಜ ಉಳಿಸಿಕೊಳ್ಳಬೇಕೆಂದಿದ್ದರೆ ಒಂದೆರಡು ಕೊಂಬೆಯನ್ನು ಸವರದೆ ಬಿಟ್ಟು, ಕಾಯಿ ಕಂದಾಗುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ. ಒಂದು ಬಿಸಿ ಮಧ್ಯಾಹ್ನ ತಡಮಾಡಿದರೂ ಕಾಯಿ ಸಿಡಿದು ಖಾಲಿ, ಸಂಜೆಗೆ ಬುಡದಲ್ಲಿ ಇರುವೆಗಳ ಸಾಲು.